ಬೆಳ್ಳಿಹುಳು, ಮನೆಯ ತೇವ ಮತ್ತು ಗ್ರಂಥರಕ್ಷಣೆ

(ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ನಡೆದ ಶ್ರಾವಕ-ಶ್ರಾವಿಕಾ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೂತನ ಬಸದಿಯಲ್ಲಿ ಜಿನಬಿಂಬದ ಪ್ರತಿಷ್ಠೆ ನಡೆಯುತ್ತಿರುವ ಈ ಮಂಗಲ ಸಂದರ್ಭದಲ್ಲಿ ರತ್ನತ್ರಯವನ್ನೂ ಸ್ಯಾದ್ವಾದವನ್ನೂ ಕುರಿತು ವಿದ್ವಾಂಸರು ಮಾತನಾಡುತ್ತಿದ್ದಾರೆ. ಅವರ ನಡುವೆ ಅರ್ಧ ಅಂಗುಲ ಉದ್ದದ ಹುಳುವೊಂದರ ವಿಚಾರವನ್ನು ಎತ್ತಿಕೊಂಡರೆ ಸಭಿಕರಿಗೆ ಆಶ್ಚರ್ಯವಾಗಬಹುದು. ಆದರೆ ದೇವ, ಶಾಸ್ತ್ರ, ಗುರು ಎಂಬ ಮೂರನ್ನೂ ಸಮಾನ ಭಕ್ತಿಯಿಂದ ಪೂಜಿಸುವ ಸಮಾಜದಲ್ಲಿ, ಮನೆಮನೆಯ ಕಪಾಟಿನಲ್ಲಿ ಸದ್ದಿಲ್ಲದೆ ಶಾಸ್ತ್ರವನ್ನು ತಿಂದುಹಾಕುತ್ತಿರುವ ಜೀವಿಯ ವಿಚಾರ ಅಲ್ಪವೆಂದು ಹೇಳುವಂತಿಲ್ಲ.

ಕಾರ್ಕಳ, ಮೂಡುಬಿದಿರೆಗಳ ನಡುವಣ ಒಂದು ಹಂಚಿನ ಮನೆಯಲ್ಲಿ ನಡೆದ ಸಂಗತಿಯಿಂದ ಆರಂಭಿಸುವುದು ಉಚಿತ. ಆ ಮನೆಯ ಹಿರಿಯ ಗೃಹಿಣಿ ತಮ್ಮ ಜೀವಿತಕಾಲದಲ್ಲಿ ನೋಂಪಿಯ ಕಥೆಗಳನ್ನೂ ಹಾಡುಗಳನ್ನೂ ಪೂಜಾವಿಧಿಯನ್ನೂ ದಪ್ಪ ರಟ್ಟಿನ ಪುಸ್ತಕವೊಂದರಲ್ಲಿ ಸ್ವಹಸ್ತದಿಂದ ಬರೆದಿಟ್ಟಿದ್ದರು. ಹಾಡುಗಳಲ್ಲಿ ಅನೇಕವು ಎಲ್ಲಿಯೂ ಅಚ್ಚಾದವುಗಳಲ್ಲ; ತಾಯಿಯಿಂದ ಮಗಳಿಗೆ ಬಾಯಿಯಿಂದ ಬಾಯಿಗೆ ಬಂದವು. ಅವರು ಕಾಲವಾದ ಎರಡನೆಯ ವರ್ಷ, ಭಾದ್ರಪದ ಮಾಸದಲ್ಲಿ, ಅನಂತನ ನೋಂಪಿಗೆಂದು ಸೊಸೆ ಆ ಪುಸ್ತಕವನ್ನು ತೆಗೆದಾಗ ಬೆಳ್ಳಿಯ ಗೆರೆಯೊಂದು ಪುಟದ ಮೇಲೆ ಸರ್ರನೆ ಓಡಿ ಬೆನ್ನುಪಟ್ಟಿಯ ಸಂದಿನಲ್ಲಿ ಮರೆಯಾಯಿತು. ಪುಟಗಳ ಅಂಚು ಜಾಲರಿಯಂತಾಗಿತ್ತು. ಕೆಲವೆಡೆ ಕಾಗದದ ಮೇಲ್ಪದರ ಸವೆದು ಅಕ್ಷರಗಳೇ ಅಳಿದಿದ್ದವು.

ಮಗ ಆ ಸಂಜೆಯೇ ಪೇಟೆಯಿಂದ ವಿಷದ ಡಬ್ಬಿಯನ್ನು ತಂದ. ವೃದ್ಧ ತಂದೆ ಅವನ ಕೈ ಹಿಡಿದು, “ಕೊಲ್ಲಬಾರದೆಂದು ನಿಮಗೆ ಕಲಿಸುವುದಕ್ಕೆ ಅವಳು ಇದನ್ನು ಬರೆದಳು. ಇದನ್ನು ಉಳಿಸುವುದಕ್ಕೆ ಕೊಲ್ಲುತ್ತೀಯಾ?” ಎಂದರು. ಮಗ, “ಹಾಗಾದರೆ ಅಮ್ಮನ ಕೈಬರಹವನ್ನು ಹುಳುವಿಗೆ ಬಿಟ್ಟುಕೊಡೋಣವೇ?” ಎಂದು ಕೇಳಿದ. ತಂದೆಯ ಪ್ರಶ್ನೆಯೂ ನ್ಯಾಯವಾದುದು, ಮಗನ ಪ್ರಶ್ನೆಯೂ ನ್ಯಾಯವಾದುದು. ಈ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರ ಉಂಟೆಂಬುದನ್ನು ತೋರಿಸುವುದೇ ಈ ಭಾಷಣದ ಉದ್ದೇಶ.

ಮೊದಲು ಆ ಜೀವಿಯನ್ನು ಅರಿಯಬೇಕು. ಬೆಳ್ಳಿಹುಳು, ಪುಸ್ತಕದ ಹುಳು, ಸಿಲ್ವರ್ ಫಿಶ್ ಎಂದು ಕರೆಯಲ್ಪಡುವ ಈ ಕೀಟಕ್ಕೆ ರೆಕ್ಕೆಗಳಿಲ್ಲ. ದೇಹವು ತಲೆಯ ಕಡೆ ಅಗಲವಾಗಿ, ಬಾಲದ ಕಡೆ ಮೊನಚಾಗಿ, ನುಣುಪಾದ ಬೆಳ್ಳಿಬಣ್ಣದ ಹುರುಪೆಗಳಿಂದ ಕೂಡಿರುತ್ತದೆ. ಮುಂದೆ ಎರಡು ಉದ್ದ ಮೀಸೆಗಳು, ಹಿಂದೆ ಮೂರು ಎಳೆಗಳು. 1665ರಲ್ಲಿಯೇ ಲಂಡನ್ನಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಸೂಕ್ಷ್ಮದರ್ಶಕದಿಂದ ಇದನ್ನು ನೋಡಿ, ಪುಸ್ತಕಗಳನ್ನು ಹಾಳುಮಾಡುವ ಜೀವಿಯೆಂದು ಚಿತ್ರಸಹಿತ ವರ್ಣಿಸಿದನು. ಆದುದರಿಂದ ಇದು ನಮ್ಮ ಕರಾವಳಿಗೆ ಮಾತ್ರ ಬಂದ ಪೀಡೆಯಲ್ಲ. ಪುಸ್ತಕ ಮತ್ತು ತೇವ ಎರಡೂ ಕೂಡಿದ ಎಲ್ಲ ದೇಶಗಳಲ್ಲಿಯೂ ಇದು ಉಂಟು.

ಇದು ಕಚ್ಚುವುದಿಲ್ಲ, ರೋಗವನ್ನು ಹರಡುವುದಿಲ್ಲ. ಬೆಳಕಿಗೆ ಅಂಜಿ ರಾತ್ರಿಯಲ್ಲಿ ಮಾತ್ರ ಸಂಚರಿಸುತ್ತದೆ. ಇದರ ಮುಖ್ಯ ಆಹಾರ ಪಿಷ್ಟ. ಪುಸ್ತಕ ಕಟ್ಟಲು ಬಳಸಿದ ಮೈದಾ ಅಂಟು, ಕಾಗದದ ಹೊಳಪಿಗೆ ಬಳಿದ ಸರಿ, ಗಂಜಿ ಹಾಕಿದ ಹತ್ತಿಯ ಬಟ್ಟೆ, ರೇಷ್ಮೆ, ನೆಲದ ಮೇಲೆ ಚೆಲ್ಲಿದ ಹಿಟ್ಟು, ಉದುರಿದ ಕೂದಲು, ಸತ್ತ ಕೀಟಗಳು ಎಲ್ಲವೂ ಇದಕ್ಕೆ ಆಗುತ್ತವೆ. ಕಾಗದದ ನಾರನ್ನೂ ಜೀರ್ಣಿಸಿಕೊಳ್ಳುವ ಶಕ್ತಿ ಇದಕ್ಕಿದೆ. ಹಿಂದಿನ ಕಾಲದಲ್ಲಿ ವರ್ತಕರು ಲೆಕ್ಕ ಬರೆಯುತ್ತಿದ್ದ ಕಡತಗಳನ್ನು ನೆನೆಯಿರಿ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪು ಹಾಳೆ ಮಾಡಿ ಬಳಪದಿಂದ ಬರೆಯುತ್ತಿದ್ದರು. ಲೆಕ್ಕ ಸಾಹುಕಾರನದಾದರೂ ಹುಣಸೆಬೀಜದ ಸರಿ ಹುಳುವಿಗೆ ಮೃಷ್ಟಾನ್ನವೇ ಆಗಿತ್ತು.

ಗಮನಿಸಬೇಕಾದ ಅಂಶ ಇನ್ನೊಂದಿದೆ. ನೀರಿನ ಪಸೆ ದೊರೆತರೆ ಈ ಹುಳು ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ಆದರೆ ಪಸೆ ಇಲ್ಲದಿದ್ದರೆ ಆಹಾರವಿದ್ದರೂ ನೆಲೆಸಲಾರದು. ಗಾಳಿಯಲ್ಲಿನ ಆರ್ದ್ರತೆ ಶೇಕಡಾ 75ರಿಂದ 95ರವರೆಗೆ ಇರುವಲ್ಲಿ ಇದು ಸುಖವಾಗಿ ಮೊಟ್ಟೆಯಿಟ್ಟು ವೃದ್ಧಿಯಾಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಆಷಾಢ, ಶ್ರಾವಣಗಳ ಆರ್ದ್ರತೆ ಶೇಕಡಾ 85ನ್ನು ದಾಟುವುದು ಸಾಮಾನ್ಯ. ಹಾಗಿರುವಾಗ ಪುಸ್ತಕ ಇದ್ದುದರಿಂದ ಹುಳು ಬಂದಿತು ಎನ್ನುವುದು ಅರ್ಧ ಸತ್ಯ. ತೇವ ಇದ್ದುದರಿಂದ ಹುಳು ಉಳಿಯಿತು ಎನ್ನುವುದು ಪೂರ್ಣ ಸತ್ಯ. ವಿಷ ಸಿಂಪಡಿಸಿದರೆ ಇಂದು ಕಣ್ಣಿಗೆ ಬಿದ್ದ ಹತ್ತು ಹುಳುಗಳು ಸಾಯಬಹುದು. ತೇವ ಹಾಗೆಯೇ ಇದ್ದರೆ ಸಂದಿಯಲ್ಲಿರುವ ಮೊಟ್ಟೆಗಳು ಒಡೆದು, ಹೊರಗಿನಿಂದ ಮತ್ತಷ್ಟು ಬಂದು, ಮುಂದಿನ ಮಳೆಗಾಲಕ್ಕೆ ಮನೆ ಮತ್ತೆ ತುಂಬುತ್ತದೆ. ಪ್ರತಿವರ್ಷ ಖರ್ಚು, ಪ್ರತಿವರ್ಷ ಹಿಂಸೆ, ಜಮಾ ಮಾತ್ರ ಶೂನ್ಯ.

ಧರ್ಮದ ದೃಷ್ಟಿಯಿಂದಲೂ ಈ ವಿಚಾರ ಇಲ್ಲಿಗೇ ಬಂದು ನಿಲ್ಲುತ್ತದೆ. ಗೃಹಸ್ಥನಿಗೆ ಸಂಭವಿಸುವ ಹಿಂಸೆಯನ್ನು ಆಚಾರ್ಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಅಡಿಗೆ, ಗುಡಿಸುವಿಕೆ, ಕೃಷಿ, ವ್ಯಾಪಾರಗಳಲ್ಲಿ ಎಷ್ಟು ಎಚ್ಚರ ವಹಿಸಿದರೂ ಒಂದಿಷ್ಟು ಹಿಂಸೆ ತಪ್ಪದು. ಆದರೆ ಕೊಲ್ಲಬೇಕೆಂದೇ ಬಗೆದು ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಅಣುವ್ರತಿಯಾದ ಶ್ರಾವಕನು ಬಿಡಲೇಬೇಕು. ಓಡಾಡುವ ತ್ರಸಜೀವಿಯಾದ ಬೆಳ್ಳಿಹುಳುವಿನ ಮೇಲೆ ಡಬ್ಬಿಯನ್ನು ಗುರಿಯಿಟ್ಟು ಒತ್ತುವುದು ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೂರಿನ ಸೋರಿಕೆಯನ್ನು ಸರಿಪಡಿಸುವುದಾದರೋ ಯಾರ ವ್ರತಕ್ಕೂ ಭಂಗ ತಾರದು.

ನಮ್ಮ ಹಿರಿಯರ ದಾರಿಯೂ ಇದೇ. ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು, ಧಾನ್ಯವನ್ನು ಶೋಧಿಸಿ ಬಳಸುವುದು ಇವೆಲ್ಲವೂ ಜೀವಿಗಳೊಡನೆ ಹೋರಾಡುವ ಉಪಾಯಗಳಲ್ಲ. ಹೋರಾಟವೇ ಬಾರದಂತೆ ಮೊದಲೇ ಮಾಡಿಕೊಳ್ಳುವ ವ್ಯವಸ್ಥೆಗಳು. ಮಳೆಗಾಲದಲ್ಲಿ ಜೀವೋತ್ಪತ್ತಿ ಅಧಿಕವೆಂಬುದನ್ನು ಅರಿತೇ ಮುನಿಗಳಿಗೆ ಚಾತುರ್ಮಾಸವನ್ನು ವಿಧಿಸಲಾಯಿತು. ಅದೇ ನಾಲ್ಕು ತಿಂಗಳು ಗೃಹಸ್ಥನೂ ತನ್ನ ಕಪಾಟಿನ ವಿಷಯದಲ್ಲಿ ಎಚ್ಚರವಾಗಿರತಕ್ಕದ್ದು.

ಮೇಲೆ ಹೇಳಿದ ಮನೆಯಲ್ಲಿ ಮುಂದೆ ನಡೆದುದನ್ನು ಕೇಳಿರಿ. ಡಬ್ಬಿಯನ್ನು ಒಡೆಯದೆ ಬದಿಗಿಟ್ಟು, ಮರುದಿನ ಕಪಾಟನ್ನು ಎಳೆದು ನೋಡಲಾಯಿತು. ಅದನ್ನು ಪಡುವಣ ಗೋಡೆಗೆ ಒತ್ತಿ ಇಟ್ಟಿದ್ದರು. ಹೊರಗಡೆ ಸೂರಿನ ದಂಬೆ ಮುರಿದು ಮಳೆನೀರು ಗೋಡೆಯ ಬುಡಕ್ಕೇ ಬೀಳುತ್ತಿತ್ತು. ಒಳಗಡೆ ಕಪಾಟಿನ ಹಿಂದೆ ಅಂಗೈ ಒತ್ತಿದರೆ ತಣ್ಣಗೆ ತಗಲುವ ತೇವ, ಅದರ ಮೇಲೆ ಬೂಷ್ಟು. ಮಗನಿಗೆ ಅಕ್ಕಿಯ ವ್ಯಾಪಾರ. ಅಂಗಡಿಯಲ್ಲಿ ಒಂದು ಮೂಟೆಯನ್ನೂ ಅವನು ಬರಿಯ ನೆಲದ ಮೇಲಾಗಲಿ ಗೋಡೆಗೆ ತಗುಲಿಸಿಯಾಗಲಿ ಇಟ್ಟವನಲ್ಲ. ಹಲಗೆ ಹಾಕಿ, ಗೇಣು ಜಾಗ ಬಿಟ್ಟು ಇಡುವುದು ಅವನ ನಿತ್ಯದ ರೂಢಿ. ಮಾರುವ ಅಕ್ಕಿಗೆ ತೋರಿದ ಎಚ್ಚರವನ್ನು ತಾಯಿಯ ಪುಸ್ತಕಕ್ಕೆ ತೋರಲಿಲ್ಲವೆಂಬುದು ಆಗ ಅವನಿಗೆ ಹೊಳೆಯಿತು.

ದಂಬೆಯನ್ನು ಸರಿಪಡಿಸಿದರು. ಕಪಾಟನ್ನು ಒಳಗೋಡೆಯ ಕಡೆಗೆ ಸಾಗಿಸಿ, ಗೋಡೆಯಿಂದ ಗೇಣು ದೂರದಲ್ಲಿ, ನೆಲದಿಂದ ಎತ್ತರದಲ್ಲಿ ನಿಲ್ಲಿಸಿದರು. ಮಳೆ ನಿಂತು ಗೋಡೆ ಒಣಗಿದ ಮೇಲೆ ಬಿರುಕುಗಳನ್ನು ತುಂಬಿ ಸುಣ್ಣ ಹಚ್ಚಿದರು. ಮರುವರ್ಷದ ಮಳೆಗಾಲದಲ್ಲಿ ಹುಳುಗಳು ಕಡಿಮೆಯಾದವು. ಅದರ ಮರುವರ್ಷ ಅಪರೂಪವಾದವು. ಒಂದೂ ಇಲ್ಲವೆಂದು ಅವರು ಹೇಳುವುದಿಲ್ಲ. ಪುಸ್ತಕಕ್ಕೆ ಹೊಸ ಹಾನಿಯಾಗಿಲ್ಲವೆಂದು ಮಾತ್ರ ಹೇಳುತ್ತಾರೆ. ಬೇಕಾದುದೂ ಅಷ್ಟೇ.

ಇನ್ನು ಪ್ರತಿ ಮನೆಯಲ್ಲಿಯೂ ಅನುಸರಿಸಬಹುದಾದ ಕ್ರಮಗಳನ್ನು ಹೇಳಬಹುದು.

ಮೊದಲನೆಯದು, ತೇವದ ಮೂಲವನ್ನು ಹುಡುಕುವುದು. ಒಡೆದ ಹಂಚು, ಬಚ್ಚಲ ಹಿಂಗೋಡೆ, ಜಿನುಗುವ ನಲ್ಲಿ, ನೆಲಮಟ್ಟದಿಂದ ಮೇಲೇರುವ ಪಸೆ, ಒದ್ದೆ ಬಟ್ಟೆಗಳನ್ನು ಒಣಹಾಕುವ ಕೋಣೆ ಇವುಗಳಲ್ಲಿ ಒಂದಲ್ಲ ಒಂದು ಕಾರಣವಾಗಿರುತ್ತದೆ. ಈಗ ಅಂಗಡಿಗಳಲ್ಲಿ ದೊರೆಯುವ ಸಣ್ಣ ಆರ್ದ್ರತಾಮಾಪಕವನ್ನು ಕಪಾಟಿನಲ್ಲಿಟ್ಟರೆ ಅಂಕಿ ತಾನೇ ಕಾಣುತ್ತದೆ. ಶೇಕಡಾ 50ರಿಂದ 60ರೊಳಗೆ ಇದ್ದರೆ ಗ್ರಂಥಕ್ಕೂ ಕ್ಷೇಮ, ಹುಳುವಿಗೂ ಅನನುಕೂಲ. ಮಳೆ ಸುರಿಯುವಾಗ ಕಿಟಕಿ ತೆರೆದಿಟ್ಟರೆ ಗಾಳಿಯ ಜೊತೆಗೆ ತೇವವೇ ಒಳಬರುತ್ತದೆ. ಬಿಸಿಲು ಬಿದ್ದ ಹೊತ್ತಿನಲ್ಲಿ ತೆರೆದು, ಮಿಕ್ಕ ಹೊತ್ತಿನಲ್ಲಿ ಮುಚ್ಚಿ ಪಂಖ ಹಾಕುವುದು ಮೇಲು.

ಎರಡನೆಯದು, ಕಪಾಟಿನ ಒಳಗಣ ತೇವವನ್ನು ಹೀರಿಸುವುದು. ಸಿಲಿಕಾ ಜೆಲ್ ಎಂಬ ಹರಳುಗಳನ್ನು ಚೀಲದಲ್ಲಿ ಕಟ್ಟಿಡಬಹುದು. ಪಸೆ ತುಂಬಿದ ಮೇಲೆ ಬಿಸಿಮಾಡಿ ಒಣಗಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತವೆ. ಹಳೆಯ ಉಪಾಯವೆಂದರೆ ನೀರು ತಾಗದ ಸುಟ್ಟ ಸುಣ್ಣ. ಒಂದು ಕಿಲೋ ಸುಣ್ಣ ಸುಮಾರು 300 ಗ್ರಾಂ ನೀರನ್ನು ಹೀರಿ ಉಬ್ಬಿ ಪುಡಿಯಾಗುತ್ತದೆ. ಆದುದರಿಂದ ಮಡಕೆಯನ್ನು ಅರ್ಧದಷ್ಟು ಮಾತ್ರ ತುಂಬಿ ಕಪಾಟಿನ ತಳದಲ್ಲಿ, ಪುಸ್ತಕಕ್ಕೆ ತಾಗದಂತೆ ಇಡಬೇಕು. ನೀರು ಬಿದ್ದರೆ ಅದು ಕುದಿಯುವಷ್ಟು ಬಿಸಿಯಾಗುವುದು; ಕಣ್ಣಿಗೂ ಅಪಾಯ. ಮಕ್ಕಳಿರುವ ಮನೆಯಲ್ಲಿ ಹರಳುಗಳ ಚೀಲವನ್ನೂ ಕೈಗೆಟುಕದಂತೆ ಇಟ್ಟು, ಸುಣ್ಣವನ್ನು ವರ್ಜಿಸುವುದೇ ಲೇಸು.

ಮೂರನೆಯದು, ಆಹಾರವನ್ನು ಒದಗಿಸದಿರುವುದು. ಮಳೆಗಾಲಕ್ಕೆ ಮಡಿಸಿಡುವ ಬಟ್ಟೆಗಳಿಗೆ ಗಂಜಿ ಹಾಕಬಾರದು. ಕಪಾಟಿನ ಸಂದುಗಳಲ್ಲಿ ಧೂಳು, ಕೂದಲು, ಅಕ್ಷತೆಯ ಕಾಳು ನಿಲ್ಲಬಾರದು. ಗೋಡೆಯಂಚಿನಲ್ಲಿ ಹಳೆಯ ವೃತ್ತಪತ್ರಿಕೆಗಳ ರಾಶಿಯನ್ನು ಬೆಳೆಸಬಾರದು. ಇದೇ ಬಳಗದ ಬೂದುಬಣ್ಣದ, ಉದ್ದಬಾಲದ ಜಾತಿಯೊಂದು ಹೆಚ್ಚು ಒಣ ಕೊಠಡಿಯಲ್ಲಿಯೂ ಜೀವಿಸಬಲ್ಲದು. ಆದುದರಿಂದ ತೇವ ನಿವಾರಣೆಯ ಜೊತೆಗೆ ಈ ಶುಚಿತ್ವವೂ ಅವಶ್ಯ.

ನಾಲ್ಕನೆಯದು, ಈಗಾಗಲೇ ಇರುವ ಹುಳುಗಳನ್ನು ನೋಯಿಸದೆ ಹೊರಗೆ ಸಾಗಿಸುವುದು. ಬೆಳ್ಳಿಹುಳು ಒರಟಾದ ಮೇಲ್ಮೈಯನ್ನು ಹತ್ತಬಲ್ಲದು. ನುಣುಪಾದ ಗಾಜನ್ನು ಹತ್ತಲಾರದು. ಗಾಜಿನ ಲೋಟವೊಂದರ ಹೊರಮೈಗೆ ಒರಟು ಬಟ್ಟೆಯನ್ನಾಗಲಿ ಕಾಗದವನ್ನಾಗಲಿ ಸುತ್ತಿ, ಒಳಗೆ ಚೂರು ಒಣರೊಟ್ಟಿಯನ್ನಿಟ್ಟು, ರಾತ್ರಿ ಗೋಡೆಯಂಚಿನಲ್ಲಿ ಇರಿಸಿದರೆ ಹುಳು ಹೊರಗಿನಿಂದ ಹತ್ತಿ ಒಳಗೆ ಬೀಳುತ್ತದೆ, ಮರಳಿ ಏರಲಾರದು. ಪ್ರಾತಃಕಾಲ ತಪ್ಪದೆ ನೋಡಿ, ಮನೆಯಿಂದ ದೂರದ ನೆರಳಿನಲ್ಲಿ, ತರಗೆಲೆಗಳ ನಡುವೆ ಬಿಡಬೇಕು. ಲೋಟವನ್ನಿಟ್ಟು ಮರೆತರೆ ಅದೂ ಹಿಂಸೆಯೇ. ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಯ ನೀರಿಗೆ ಮರಳಿ ಬಿಡುವ ಪದ್ಧತಿಯನ್ನು ಬಲ್ಲವರಿಗೆ ಈ ಕೆಲಸ ಹೊಸದೆನಿಸದು. ಪುಸ್ತಕದೊಳಗಿನ ಹುಳುಗಳನ್ನು ಬಿಳಿಯ ವಸ್ತ್ರದ ಮೇಲೆ ಮೆತ್ತನೆಯ ಕುಂಚದಿಂದ ಇಳಿಸಿ ಅದೇ ರೀತಿಯಲ್ಲಿ ಬಿಡಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ನುಸಿಗುಳಿಗೆಯೆಂದು ಕರೆಯುವ ನ್ಯಾಫ್ತಲೀನ್ ಗುಂಡುಗಳು ಹುಳುಗಳನ್ನು ಓಡಿಸುತ್ತವೆಯೇ ಹೊರತು ಕೊಲ್ಲುವುದಿಲ್ಲವೆಂದು ಅನೇಕ ಸಾತ್ವಿಕರು ನಂಬಿದ್ದಾರೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದರ ಆವಿ ತುಂಬಿದಾಗ ಅದು ಕೊಲ್ಲುವ ವಿಷವೇ. ಮಕ್ಕಳು ನುಂಗಿದರೆ ರಕ್ತದ ಕೆಂಪುಕಣಗಳು ಒಡೆಯುತ್ತವೆ. ಜನ್ಮತಃ ರಕ್ತದೋಷವಿರುವ ಶಿಶುಗಳಿಗೆ ಅದರ ವಾಸನೆ ಹಿಡಿದ ಬಟ್ಟೆಯೂ ಅಪಾಯಕರ. ಒಂದು ಕಾಲದಲ್ಲಿ ನಿರ್ಭಯವಾಗಿ ಎರಚುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು ಭಾರತದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಹುಳುವಿನ ಮೇಲಿನ ದಯೆ ತನ್ನ ಮನೆಯ ತೊಟ್ಟಿಲಿನ ಮೇಲಿನ ದಯೆಯೂ ಹೌದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಬೇವಿನ ಎಲೆ, ಬಜೆ, ಕರ್ಪೂರ, ಲವಂಗಗಳನ್ನು ಹಿರಿಯರು ಗಂಟುಕಟ್ಟಿ ಇಡುತ್ತಿದ್ದರು. ಅವು ಸಹಾಯಕವಾದರೂ ವಾಸನೆ ಆರಿದೊಡನೆ ಗುಣವೂ ಆರುತ್ತದೆ. ಗೋಡೆಯ ತೇವವನ್ನು ಬಿಟ್ಟು ಬೇವಿನ ಎಲೆಯನ್ನು ನಂಬುವುದು, ತೂತಿನ ಕೊಡಕ್ಕೆ ನೀರು ಹೊತ್ತಂತೆ.

ತಾಳೆಗರಿಯ ಗ್ರಂಥಗಳಿರುವ ಮನೆಗಳವರಿಗೆ ಎರಡು ಮಾತು. ಬೆಳ್ಳಿಹುಳು ಮೇಲ್ಪದರವನ್ನು ಕೆರೆದು ತಿನ್ನುತ್ತದೆ. ಗರಿಗಳ ಮೂಲಕ ನೇರವಾಗಿ ದುಂಡನೆಯ ರಂಧ್ರಗಳು ಹಾಯ್ದಿದ್ದರೆ ಅದು ಬೇರೆ ಜಾತಿಯ ಕೊರೆಯುವ ಹುಳುವಿನ ಕೆಲಸ. ಆಗ ಬಲ್ಲವರಿಗೆ ತೋರಿಸಬೇಕು. ಹಿರಿಯರು ಓಲೆಗಳಿಗೆ ಎಣ್ಣೆ ಸವರಿ, ಮರದ ಹಲಗೆಗಳ ನಡುವೆ ಬಿಗಿದು, ವಸ್ತ್ರದಲ್ಲಿ ಸುತ್ತಿಡುತ್ತಿದ್ದುದು ಅನುಭವದಿಂದ ಬಂದ ಕ್ರಮ. ಯಾವ ಹಳೆಯ ಗ್ರಂಥವನ್ನೂ ನೇರ ಬಿಸಿಲಿಗೆ ಹಾಕಬಾರದು. ಬಿಸಿಲಿಗೆ ಓಲೆ ಪೆಡಸಾಗಿ ಸೀಳುತ್ತದೆ, ಕಾಗದ ಕಂದುತ್ತದೆ. ಗಾಳಿಯಾಡುವ ನೆರಳೇ ಗ್ರಂಥಕ್ಕೆ ಔಷಧ.

ಇದಕ್ಕೆಲ್ಲ ದಿನವನ್ನು ನೆನಪಿಡುವುದು ಹೇಗೆಂದು ಕೇಳಬಹುದು. ಪಂಚಾಂಗವೇ ಅದನ್ನು ಗೊತ್ತುಮಾಡಿಕೊಟ್ಟಿದೆ. ಪುಷ್ಪದಂತ, ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಬರಹಕ್ಕಿಳಿಸಿದ ಸ್ಮರಣೆಯ ಶ್ರುತಪಂಚಮಿ ಬರುವುದು ಜ್ಯೇಷ್ಠ ಶುಕ್ಲ ಪಂಚಮಿಯಂದು, ಅಂದರೆ ಮೇ ತಿಂಗಳ ಕೊನೆ ಅಥವಾ ಜೂನ್ ತಿಂಗಳಲ್ಲಿ. ನಮ್ಮ ಕರಾವಳಿಗೆ ಮುಂಗಾರು ಕಾಲಿಡುವುದೂ ಆಗಲೇ. ಆ ದಿನ ಗ್ರಂಥಗಳನ್ನು ಹೊರತೆಗೆದು, ಧೂಳು ಒರಸಿ, ಹೊಸ ವಸ್ತ್ರ ಸುತ್ತಿ ಪೂಜಿಸುವುದು ಪರಂಪರೆ. ಶ್ವೇತಾಂಬರ ಬಂಧುಗಳು ಗ್ರಂಥಗಳನ್ನು ಪೂಜಿಸುವ ಜ್ಞಾನಪಂಚಮಿ ಕಾರ್ತಿಕ ಶುಕ್ಲ ಪಂಚಮಿಯಂದು, ಅಂದರೆ ಮಳೆಗಾಲ ಕಳೆದ ಮೇಲೆ. ಒಂದು ಮಳೆಗೆ ಮುನ್ನ, ಮತ್ತೊಂದು ಮಳೆಯ ಬಳಿಕ. ಈ ಎರಡು ದಿನಗಳಲ್ಲಿ ಕಪಾಟನ್ನು ಬರಿದುಮಾಡಿ, ಗೋಡೆಯನ್ನು ಮುಟ್ಟಿ ನೋಡಿ, ಗಾಳಿಯಾಡಿಸಿದರೆ ಪೂಜೆಯ ಅರ್ಧ ಭಾಗ ಅಲ್ಲಿಯೇ ನೆರವೇರಿದಂತೆ. ಆರತಿಯೊಂದನ್ನೇ ಉಳಿಸಿಕೊಂಡು ಒರಸುವ ಬಟ್ಟೆಯನ್ನು ಮರೆತುದರಿಂದ ಹುಳುವಿಗೆ ಅವಕಾಶವಾಯಿತು.

ಎಷ್ಟು ಕಾಪಾಡಿದರೂ ಪುದ್ಗಲವು ನಶ್ವರ. ಗರಿಯೂ ಕಾಗದವೂ ಒಂದು ದಿನ ಹೋಗತಕ್ಕವೇ. ಅದಕ್ಕೆ ಹಿರಿಯರು ಕಂಡ ಕೊನೆಯ ಉಪಾಯ ಪ್ರತಿ ಮಾಡುವುದು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ನಾಡಿಗೇ ತಿಳಿದ ವಿಷಯ. ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಮೂಡುಬಿದಿರೆಯಲ್ಲಿ ಮಾತ್ರ ಉಳಿದಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅವುಗಳ ಪ್ರತಿ ಮಾಡುವ ಕಾರ್ಯ ತೊಡಗಿ, 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಗ್ರಂಥದ ಮೊದಲ ಸಂಪುಟ ಅಚ್ಚಾಯಿತು. ಒಂದೂರಿನ ಒಂದು ಪೆಟ್ಟಿಗೆಯ ಮೇಲೆ ನಿಂತಿದ್ದ ಜ್ಞಾನ ಅಂದಿನಿಂದ ದೇಶದ ಸ್ವತ್ತಾಯಿತು. ಈಗ ಕೈಯಲ್ಲಿರುವ ಫೋನಿನಿಂದಲೇ ಪುಟಪುಟವನ್ನೂ ಚಿತ್ರ ತೆಗೆದು ನಾಲ್ಕು ಕಡೆ ಇರಿಸಬಹುದು. ಇಷ್ಟು ಸುಲಭವಾದ ಕಾಲದಲ್ಲಿಯೂ ಅಜ್ಜಿಯ ಹಾಡಿನ ಪುಸ್ತಕ ಅಳಿದುಹೋದರೆ ತಪ್ಪು ಹುಳುವಿನದಲ್ಲ.

ಆ ಮನೆಯ ಸೊಸೆ ಮಾಡಿದುದೂ ಇದನ್ನೇ. ಅತ್ತೆಯ ತಂಗಿಗೆ ಎಂಬತ್ತು ದಾಟಿದ್ದರೂ ಹಾಡುಗಳು ಬಾಯಲ್ಲಿದ್ದವು. ಅವರನ್ನು ಕರೆಸಿ ಹತ್ತು ದಿನ ಇರಿಸಿಕೊಂಡು, ಅಳಿದ ಸಾಲುಗಳನ್ನು ಅವರಿಂದ ಹಾಡಿಸಿ, ಎಲ್ಲವನ್ನೂ ಹೊಸ ಪುಸ್ತಕದಲ್ಲಿ ಬರೆದುಕೊಂಡರು. ಎರಡು ಸಾಲು ಮಾತ್ರ ಯಾರಿಗೂ ನೆನಪಾಗಲಿಲ್ಲ. ಹೊಸ ಪುಸ್ತಕದಲ್ಲಿ ಆ ಎರಡು ಸಾಲಿನ ಜಾಗ ಇಂದಿಗೂ ಖಾಲಿಯಾಗಿದೆ. ಒಂದು ಮುರಿದ ದಂಬೆಯ ಬೆಲೆ ಅಷ್ಟು.

ಕೊನೆಯದಾಗಿ ಈ ನೂತನ ಬಸದಿಯ ವಿಷಯ. ಇಲ್ಲಿ ನಿತ್ಯವೂ ಅಭಿಷೇಕ ನಡೆಯುತ್ತದೆ, ನೆಲ ತೊಳೆಯಲ್ಪಡುತ್ತದೆ, ಅಕ್ಷತೆ ಚೆಲ್ಲುತ್ತದೆ. ಶಾಸ್ತ್ರಭಂಡಾರದ ಕಪಾಟನ್ನು ನೀರು ಹರಿಯುವ ಕಡೆಯಿಂದ ದೂರವಾಗಿ, ಮಳೆಯ ಹೊಡೆತ ತಾಗದ ಒಳಗೋಡೆಯ ಬಳಿ, ಗೇಣು ಜಾಗ ಬಿಟ್ಟು, ನೆಲದಿಂದ ಮೇಲೆ ಇರಿಸುವುದು ಇಂದು ಖರ್ಚಿಲ್ಲದ ಕೆಲಸ. ಹತ್ತು ವರ್ಷಗಳ ಬಳಿಕವಾದರೆ ಅದಕ್ಕೆ ಬೆಲೆ ಕಟ್ಟಲಾಗದು. ದಾನಿಗಳೂ ವ್ಯವಸ್ಥಾಪಕರೂ ಇದನ್ನು ಗಮನಿಸಬೇಕೆಂದು ಸವಿನಯ ಪ್ರಾರ್ಥನೆ.

ಸಭೆಯಿಂದ ಮನೆಗೆ ಮರಳಿದ ಬಳಿಕ ಪ್ರತಿಯೊಬ್ಬರೂ ಒಂದು ಕೆಲಸ ಮಾಡಲಿ. ಪುಸ್ತಕದ ಕಪಾಟನ್ನು ಸ್ವಲ್ಪ ಎಳೆದು, ಹಿಂದಿನ ಗೋಡೆಗೆ ಅಂಗೈ ಇಡಲಿ. ಅಲ್ಲಿ ತಣ್ಣಗಿದ್ದರೆ ನಾಳೆಯ ಕೆಲಸ ಯಾವುದೆಂಬುದು ತಿಳಿದುಬರುತ್ತದೆ.

ಶ್ರುತವು ಉಳಿಯಲಿ, ಸಕಲ ಜೀವಿಗಳೂ ಸುಖವಾಗಿರಲಿ.

ಜೈ ಜಿನೇಂದ್ರ.